ಡೇಟಾಬೇಸ್: ಮಕ್ಕಳೇ ಕಟ್ಟಲಿ, ಮಕ್ಕಳೇ ಪ್ರಶ್ನಿಸಲಿ

ಪಾಠಯೋಜನೆಯಲ್ಲಿ ತಂತ್ರಜ್ಞಾನದ ಬಳಕೆ ಎಂದರೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಪಿಪಿಟಿ ಅಥವಾ ವಿಡಿಯೊ ಎಂದು ಬರೆಯುತ್ತೇವೆ. ಎರಡರಲ್ಲೂ ಯೋಚಿಸುವ ಕೆಲಸವನ್ನು ಶಿಕ್ಷಕರೇ ಮುಗಿಸಿರುತ್ತಾರೆ. ಮಕ್ಕಳಿಗೆ ಉಳಿಯುವುದು ನೋಡುವುದು ಮತ್ತು ಬರೆದುಕೊಳ್ಳುವುದು. ಆಲೋಚನಾ ಕೌಶಲ ಬೆಳೆಸಲು ಇವೆರಡಕ್ಕಿಂತ ಡೇಟಾಬೇಸ್ ಒಳ್ಳೆಯ ಸಾಧನ ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಮಕ್ಕಳೇ ಕಟ್ಟಬೇಕು.

ಡೇಟಾಬೇಸ್ ಎಂದರೆ ಮಾಹಿತಿಯನ್ನು ಬೇಕಾದಂತೆ ಹುಡುಕಲು, ವಿಂಗಡಿಸಲು ಅನುಕೂಲವಾಗುವಂತೆ ಸಾಲು ಮತ್ತು ಕಾಲಂಗಳಲ್ಲಿ ಇಡುವ ವ್ಯವಸ್ಥೆ. ರಸಾಯನಶಾಸ್ತ್ರದ ಉದಾಹರಣೆ ನೋಡೋಣ. ಮೊದಲ 20 ಧಾತುಗಳಿಗೆ ತಲಾ ಒಂದು ಸಾಲು. ಹೆಸರು, ಪರಮಾಣು ರಾಶಿ, ಸ್ಥಿತಿ, ವೇಲೆನ್ಸಿ, ಲೋಹವೋ ಅಲೋಹವೋ ಎಂಬ ಕಾಲಂಗಳು. ಪರಮಾಣು ಸಂಖ್ಯೆ ಸದ್ಯಕ್ಕೆ ಬೇಡ. ರಾಶಿಯ ಏರಿಕೆ ಕ್ರಮದಲ್ಲಿ ಜೋಡಿಸಿದರೆ ಲಿಥಿಯಂನ ಗುಣಗಳು ಸೋಡಿಯಂನಲ್ಲಿ ಮರುಕಳಿಸುವುದು ಮಕ್ಕಳಿಗೇ ಕಾಣುತ್ತದೆ. 1869ರಲ್ಲಿ ಮೆಂಡಲೀವ್ ಹಿಡಿದ ದಾರಿಯೂ ಇದೇ.

ಕೊನೆಯಲ್ಲಿ ಮಾತ್ರ ಕ್ರಮ ಕೆಡುತ್ತದೆ. ಪೊಟ್ಯಾಸಿಯಂ ರಾಶಿ 39.10, ಆರ್ಗಾನ್‌ನದು 39.95. ಹಾಗಾಗಿ ಲೋಹವಾದ ಪೊಟ್ಯಾಸಿಯಂ ಮೊದಲು ಬಂದು ನಿಯಾನ್‌ನ ಗುಂಪಿಗೆ ಸೇರುತ್ತದೆ, ಆರ್ಗಾನ್ ಸೋಡಿಯಂನ ಗುಂಪಿಗೆ ಹೋಗುತ್ತದೆ. ಅಂಕಿ ತಪ್ಪೋ, ನಿಯಮ ತಪ್ಪೋ? ತಾಳೆ ನೋಡಿದರೆ ಅಂಕಿ ಸರಿಯಿದೆ. ಆಗ ಜೋಡಣೆಯ ಆಧಾರವನ್ನೇ ಅನುಮಾನಿಸಬೇಕಾಗುತ್ತದೆ. ಪರಮಾಣು ಸಂಖ್ಯೆಯ ಕಾಲಂ ಸೇರಿಸಿ ಮತ್ತೆ ವಿಂಗಡಿಸಿದರೆ ಎರಡೂ ಸರಿಯಾದ ಜಾಗಕ್ಕೆ ಬರುತ್ತವೆ. 1913ರಲ್ಲಿ ಮೋಸ್ಲೆ ಎಕ್ಸ್-ಕಿರಣಗಳ ಪ್ರಯೋಗದಿಂದ ಪರಮಾಣು ಸಂಖ್ಯೆಗೆ ಭೌತಿಕ ಆಧಾರ ಒದಗಿಸಿದ್ದು ಏಕೆ ಮುಖ್ಯ ಎಂದು ಈಗ ವಿವರಿಸಿದರೆ ಅರ್ಥವಾಗುತ್ತದೆ. ರಾಶಿ ಏಕೆ ಹಿಂದುಮುಂದಾಯಿತು ಎಂಬ ಪ್ರಶ್ನೆಯಿಂದ ಐಸೋಟೋಪ್‌ಗಳ ಪಾಠಕ್ಕೂ ಹೋಗಬಹುದು.

ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ ಎಂಬ ಆಕ್ಷೇಪಕ್ಕೆ 20 ರಟ್ಟಿನ ಚೀಟಿಗಳೇ ಉತ್ತರ. ಚೀಟಿಗಳನ್ನೂ ವಿಂಗಡಿಸಬಹುದು, ಮರುಜೋಡಿಸಬಹುದು. ಸಮಯ ಸಾಲದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದು ಅವಧಿಯಲ್ಲಿ ಇದು ಮುಗಿಯದು. ಮಾಹಿತಿ ತುಂಬುವುದನ್ನು ಗುಂಪುಗಳಿಗೆ ಮನೆಗೆಲಸವಾಗಿ ಹಂಚಿದರೆ ತರಗತಿಯ ಸಮಯ ಚರ್ಚೆಗೆ ಉಳಿಯುತ್ತದೆ.

ಕಂಪ್ಯೂಟರ್ ಇದ್ದರೂ ಒಂದು ಎಚ್ಚರಿಕೆ ಬೇಕು. ಗುಂಡಿ ಒತ್ತಿದರೆ ಕ್ರಮ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಆದ್ದರಿಂದ ವಿಂಗಡಿಸುವ ಮೊದಲೇ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದಿಡಬೇಕು. ಮೌಲ್ಯಮಾಪನದಲ್ಲಿ ಅಂದವಾದ ಕೋಷ್ಟಕಕ್ಕಿಂತ, ಆ ಕೋಷ್ಟಕಕ್ಕೆ ವಿದ್ಯಾರ್ಥಿ ಹಾಕಿದ ಪ್ರಶ್ನೆಗೆ ಹೆಚ್ಚು ಅಂಕ ಸಲ್ಲಬೇಕು. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಶಿಕ್ಷಕರ ಪ್ರಶ್ನೆಗಳಿಗೆ ಜಾಗವಿದೆ. ವಿದ್ಯಾರ್ಥಿಗಳ ಪ್ರಶ್ನೆಗಳಿಗೂ ಒಂದು ಕಾಲಂ ಸೇರಿಸೋಣ ಎಂಬುದು ನನ್ನ ಸಲಹೆ.