ಕಸಿಯಾದ ಮಗುವಿನ ಗುಳಿಗೆ ಯಾರ ಹೊಣೆ?

ಮಗುವೊಂದಕ್ಕೆ ಮೂತ್ರಪಿಂಡವನ್ನೋ ಯಕೃತ್ತನ್ನೋ ಕಸಿ ಮಾಡಿದರೆ ಅದು ದೊಡ್ಡ ಸುದ್ದಿ. ವೈದ್ಯರ ಭಾವಚಿತ್ರ ಅಚ್ಚಾಗುತ್ತದೆ, ಮಂತ್ರಿಗಳು ಅಭಿನಂದಿಸುತ್ತಾರೆ. ಅದು ಯೋಗ್ಯವೇ. ಆದರೆ ಮನೆಗೆ ಬಂದ ಮೇಲೆ ಆ ಮಗುವಿನ ಗತಿ ಏನಾಯಿತೆಂದು ಕೇಳುವವರು ಯಾರು?

1998ರಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ, ಎರಡು ವರ್ಷ ತುಂಬದ ಕಂಚಿಯ ಮಗುವಿಗೆ ತಂದೆಯ ಯಕೃತ್ತಿನ ಭಾಗವನ್ನು ಕಸಿ ಮಾಡಿದರು. ಮಕ್ಕಳ ಯಕೃತ್ತಿನ ಕಸಿ ಭಾರತದಲ್ಲಿ ಫಲಿಸಿದ್ದು ಅದೇ ಮೊದಲು. ಆ ಮಗು ಬೆಳೆದು ತಾನೇ ವೈದ್ಯನಾದ. ಇಂಥ ಮಕ್ಕಳನ್ನು ಉಳಿಸುವುದು ಶಸ್ತ್ರಚಿಕಿತ್ಸೆಯೊಂದೇ ಅಲ್ಲ. ದಿನ ತಪ್ಪದೆ ನುಂಗುವ ಗುಳಿಗೆಯೂ ಹೌದು. ಪರರ ಅಂಗವನ್ನು ದೇಹ ತನ್ನದೆಂದು ಒಪ್ಪುವುದಿಲ್ಲ. ಅದರ ಮೇಲೆ ಯುದ್ಧ ಹೂಡುತ್ತದೆ. ಆ ಯುದ್ಧವನ್ನು ತಡೆಯುವ ಔಷಧಿಗಳಲ್ಲಿ ಮುಖ್ಯವಾದುದು ಟ್ಯಾಕ್ರೊಲಿಮಸ್. ಜಪಾನಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1984ರಲ್ಲಿ ದೊರೆತದ್ದು. ಸಾಮಾನ್ಯವಾಗಿ ಇದನ್ನು 12 ಗಂಟೆಗೊಮ್ಮೆ ಕೊಡಬೇಕು. ರಕ್ತದಲ್ಲಿ ಅದರ ಮಟ್ಟ ಇಳಿದರೆ ಅಂಗಕ್ಕೆ ಅಪಾಯ. ಏರಿದರೆ ಮೂತ್ರಪಿಂಡಕ್ಕೆ ಕೇಡು.

ನ್ಯೂಯಾರ್ಕಿನ ಮೌಂಟ್ ಸೈನಾಯ್ ಸಂಸ್ಥೆಯ ಮಕ್ಕಳ ಮನೋವೈದ್ಯ ಏಯಲ್ ಶೆಮೆಶ್ ಅವರು ಬಹುಕಾಲದಿಂದ ಈ ಗುಳಿಗೆಯ ಪ್ರಶ್ನೆಯನ್ನೇ ಅಭ್ಯಾಸ ಮಾಡಿದ್ದಾರೆ. ಗುಳಿಗೆ ತಪ್ಪಿದೆಯೇ ಎಂದು ಮಕ್ಕಳನ್ನೂ ತಾಯಿತಂದೆಯರನ್ನೂ ಕೇಳಿ ತಿಳಿಯುವುದು ನೆಚ್ಚಿಕೆಯ ದಾರಿಯಲ್ಲ. ಬೇರೆ ಬೇರೆ ದಿನದ ರಕ್ತಪರೀಕ್ಷೆಗಳಲ್ಲಿ ಔಷಧಿಯ ಮಟ್ಟ ಎಷ್ಟು ಏರುಪೇರಾಗಿದೆ ಎಂದು ಲೆಕ್ಕ ಹಾಕಬೇಕು ಎಂಬುದು ಅವರ ಮತ. ಅಮೆರಿಕದ ಐದು ಕೇಂದ್ರಗಳ 400 ಮಕ್ಕಳನ್ನು ಎರಡು ವರ್ಷ ಗಮನಿಸಿ, 2017ರಲ್ಲಿ ಅವರ ತಂಡ ಇದನ್ನು ತೋರಿಸಿಕೊಟ್ಟಿತು. ಏರುಪೇರು ಹೆಚ್ಚಿದ್ದ ಮಕ್ಕಳಲ್ಲೇ ದೇಹ ಅಂಗವನ್ನು ತಿರಸ್ಕರಿಸುವುದು ಹೆಚ್ಚು. ಕಂಪ್ಲಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯಲ್ಲಿ ಒಂದು ವಾರ ತುಂಬ ನೀರು, ಮುಂದಿನ ಎರಡು ವಾರ ಒಣ ಎಂದರೆ, ಸರಾಸರಿ ಎಷ್ಟೇ ಚೆನ್ನಾಗಿರಲಿ, ಭತ್ತ ಉಳಿಯುತ್ತದೆಯೇ?

ಗುಳಿಗೆ ತಪ್ಪುವುದೇಕೆ? ಹುಡುಗನ ಉಡಾಫೆ, ತಾಯಿಯ ಅಜ್ಞಾನ ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಶೆಮೆಶ್ ಮತ್ತು ಸಂಗಡಿಗರು 2000ದಲ್ಲೇ ಬೇರೊಂದು ಮಾತು ಹೇಳಿದರು: ಕಾಯಿಲೆಯ ಭೀತಿ ಮನಸ್ಸಿನಲ್ಲಿ ಗಾಯವಾಗಿ ಉಳಿದ ಮಗುವಿಗೆ ಗುಳಿಗೆ ಕಂಡರೇ ಆ ದಿನಗಳು ನೆನಪಾಗುತ್ತವೆ, ಅದು ಗುಳಿಗೆಯಿಂದ ದೂರ ಸರಿಯುತ್ತದೆ. ಹದಿಹರೆಯದಲ್ಲಂತೂ ತಾಯಿಯ ಕೈಯಿಂದ ಮಗನ ಕೈಗೆ ಹೊಣೆ ಜಾರುವಾಗ ಅಪಾಯ ಹೆಚ್ಚು. ಬೈಗುಳ ಇದಕ್ಕೆ ಮದ್ದಲ್ಲ.

ನಮ್ಮ ಸೀಮೆಯಲ್ಲಿ ಇದರ ಮೇಲೆ ಬಡತನವೂ ದೂರವೂ ಸೇರುತ್ತವೆ. ಮಕ್ಕಳ ಕಸಿಯ ತಜ್ಞರು ಹೆಚ್ಚಾಗಿ ಇರುವುದು ಬೆಂಗಳೂರಿನಲ್ಲಿ. ಹೊಸಪೇಟೆಯಿಂದ ಸುಮಾರು 340 ಕಿಲೋಮೀಟರು. ಹಂಪಿಯಲ್ಲಿ ಎಳನೀರು ಮಾರುವ ತಾಯಿ, ಸಂಡೂರಿನ ಗಣಿಯ ಕೂಲಿ, ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಾಕುವ ಹೆಣ್ಣುಮಗಳು, ಇವರು ಪ್ರತಿ ಪರೀಕ್ಷೆಗೂ ರಾತ್ರಿ ರೈಲು ಹತ್ತಿ ಎರಡು ದಿನದ ಕೂಲಿ ಕಳೆದುಕೊಳ್ಳಬೇಕೇ?

ದಾರಿ ಇಲ್ಲದಿಲ್ಲ. ಬಡತನ ರೇಖೆಯ ಕೆಳಗಿನವರಿಗೆ ಕಸಿಯ ನಂತರದ ಔಷಧಿಗೆ ತಿಂಗಳಿಗೆ 10,000 ರೂಪಾಯಿವರೆಗೆ ನೆರವು ಕೊಡಲು ಕೇಂದ್ರದ ರಾಷ್ಟ್ರೀಯ ಅಂಗಾಂಗ ಕಸಿ ಕಾರ್ಯಕ್ರಮದಲ್ಲಿ ಅವಕಾಶವಿದೆ. 2015ರಲ್ಲಿ ಗಣಿ ಕಾಯಿದೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಗಣಿಬಾಧಿತರ ಆರೋಗ್ಯ ಅವುಗಳ ಆದ್ಯತೆಗಳಲ್ಲೊಂದು. ಸಂಡೂರಿನ ಗುಡ್ಡ ಕರಗಿ ಬಂದ ಹಣದಲ್ಲಿ ಸಂಡೂರಿನ ಮಗುವಿನ ಗುಳಿಗೆಗೆ ಪಾಲಿಲ್ಲವೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಕಸಿಯಾದ ಪ್ರತಿ ಮಗುವಿನ ಗುಳಿಗೆ ತಿಂಗಳಿಗೆ ಮುಂಚೆಯೇ ತಾಲ್ಲೂಕು ಸರಕಾರಿ ಆಸ್ಪತ್ರೆಗೆ ಬಂದಿರಬೇಕು. ಬೆಳಗಿನ ಗುಳಿಗೆ ನುಂಗುವ ಮುನ್ನ ಅಲ್ಲೇ ರಕ್ತ ತೆಗೆದು, ಸೀಸೆಯನ್ನು ಬೆಂಗಳೂರಿಗೆ ಕಳಿಸಬೇಕು. ಸೀಸೆ ಪ್ರಯಾಣ ಮಾಡಲಿ, ಮಗು ಶಾಲೆಗೆ ಹೋಗಲಿ. ಮಟ್ಟ ಏರುಪೇರಾದರೆ ದಾದಿಯೊಬ್ಬಳು ಮನೆಗೆ ಹೋಗಿ ಕಾರಣ ಕೇಳಲಿ. ಉಪಾಧ್ಯಾಯರೂ ಆ ಮಗುವಿನ ಗುಳಿಗೆಯ ಹೊತ್ತನ್ನು ಬಲ್ಲವರಾಗಲಿ.

ತಂದೆ ತನ್ನ ಒಡಲನ್ನೇ ಕೊಯ್ದು ಕೊಟ್ಟ ಮೇಲೆ, ಗುಳಿಗೆಯನ್ನು ಸಮಾಜ ಕೊಡಲಾರದೆಂದರೆ ನಾಚಿಕೆ ಯಾರಿಗೆ?