ಎಲ್ಲರೂ ಮುಂದಾಳುಗಳಾದರೆ ಆಳು ಯಾರು?

ಸೇವಾ ಸಂಸ್ಥೆಗಳಿಗೆ ಹೊಸದಾಗಿ ಸೇರುವ ಸ್ವಯಂಸೇವಕರಿಗೆ ನಾಯಕತ್ವದ ಪಾಠ ಹೇಳುವುದನ್ನು ನಿಲ್ಲಿಸಬೇಕು. ಪಾಠವನ್ನು ಸುಧಾರಿಸೋಣ, ಚಿಕ್ಕದು ಮಾಡೋಣ, ಆಟದ ಮೂಲಕ ಹೇಳೋಣ ಎಂಬ ರಾಜಿಗಳು ಬೇಡ. ಮೊದಲ ಒಂದು ವರ್ಷ ಅದರ ಮಾತೇ ಎತ್ತಬಾರದು. ಈ ಪಾಠದಿಂದ ಕೆಲಸ ಕೆಡುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಈಗಾಗಲೇ ದುಡಿಯುತ್ತಿರುವವರಿಗೆ ಅವಮಾನವಾಗುತ್ತಿದೆ.

ನನ್ನ ಕಸುಬು ಅನುವಾದ. ಸಂಸ್ಥೆಗಳ ತರಬೇತಿ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಮನೆ ಬಾಡಿಗೆ ಕಟ್ಟುವ ಕೆಲಸಗಳಲ್ಲಿ ಒಂದು. ಸಂಸ್ಥೆ ಬೇರೆ ಬೇರೆ, ಕೈಪಿಡಿ ಮಾತ್ರ ಹೆಚ್ಚುಕಡಿಮೆ ಒಂದೇ. ಮೊದಲ ಅಧ್ಯಾಯ ‘ನಿಮ್ಮೊಳಗಿನ ನಾಯಕ’, ಆಮೇಲೆ ದೂರದೃಷ್ಟಿ, ಆಮೇಲೆ ತಂಡ ಕಟ್ಟುವುದು, ಆಮೇಲೆ ಕೆಲಸ ಹಂಚುವುದು. ವಾರಕ್ಕೆ ಎರಡು ಗಂಟೆ ಮಕ್ಕಳಿಗೆ ಓದಿಸಲು ಬರುವ ಇಪ್ಪತ್ತೊಂದು ವರ್ಷದ ಹುಡುಗಿಗೆ ಕೆಲಸ ಹಂಚುವುದನ್ನು ಹೇಳಿಕೊಡುತ್ತಾರೆ. ಅವಳು ಯಾರಿಗೆ ಹಂಚಬೇಕು? ಕೇಂದ್ರದ ಬಾಗಿಲು ತೆಗೆಯುವುದು ಎಷ್ಟು ಹೊತ್ತಿಗೆ, ಹಾಜರಿ ಎಲ್ಲಿ ಬರೆಯಬೇಕು, ಬರಲಾಗದ ದಿನ ಯಾರಿಗೆ ಫೋನ್ ಮಾಡಬೇಕು, ಮಗು ಅಳತೊಡಗಿದರೆ ಏನು ಮಾಡಬೇಕು, ಯಾರ ಫೋಟೊ ತೆಗೆಯಕೂಡದು ಎಂಬುದೆಲ್ಲ ಇದ್ದರೆ ಕೊನೆಯ ಅನುಬಂಧದಲ್ಲಿ ಇರುತ್ತದೆ. ಎಷ್ಟೋ ಸಲ ಅಲ್ಲೂ ಇರುವುದಿಲ್ಲ.

ಭಾಷಾಶಾಸ್ತ್ರ ಓದಿದವರಿಗೆ ಇಂಥ ಪುಟಗಳ ಕ್ರಿಯಾಪದಗಳು ಕಣ್ಣಿಗೆ ಬೀಳುತ್ತವೆ. ಸಬಲಗೊಳಿಸು, ಎಚ್ಚರಗೊಳಿಸು, ಕಲಿಸು, ಬದಲಾಯಿಸು. ಎಲ್ಲಕ್ಕೂ ‘ಇಸು’ ಬಾಲ. ಮಾಡುವವರು ಒಬ್ಬರು, ಮಾಡಿಸಿಕೊಳ್ಳುವವರು ಇನ್ನೊಬ್ಬರು. ಆ ಇನ್ನೊಬ್ಬರಿಗೆ ಕೊಟ್ಟ ಹೆಸರು ‘ಫಲಾನುಭವಿ’. ಕೇಳು, ಕಲಿ, ಕಾಯು, ಹೊರು, ಗುಡಿಸು ಎಂದು ಸ್ವಯಂಸೇವಕರು ತಾವೇ ಮಾಡಬೇಕಾದ ಕೆಲಸಗಳ ಹೆಸರನ್ನು ದುರ್ಬೀನು ಹಾಕಿ ಹುಡುಕಬೇಕು. ‘ನಾಯಕ’ ಎಂಬುದು ಸಂಸ್ಕೃತದಿಂದ ಬಂದ ಪದ, ಕರೆದೊಯ್ಯುವವನು ಎಂದು ಅರ್ಥ. ಕನ್ನಡದ್ದೇ ಆದ ಪದ ‘ಮುಂದಾಳು’. ಮುಂದೆ ನಿಂತಿದ್ದರೂ ಅವನು ಆಳೇ. ಕೈಪಿಡಿಗಳು ‘ಮುಂದು’ ಇಟ್ಟುಕೊಂಡು ‘ಆಳು’ ಬಿಟ್ಟುಬಿಟ್ಟಿವೆ.

ಇದು ಹೊಸ ರೋಗವೇನಲ್ಲ. 1901ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋದ ಗಾಂಧಿ ಅಲ್ಲಿ ಕಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಬ್ಬ ಸ್ವಯಂಸೇವಕನಿಗೆ ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ ದಾಟಿಸುತ್ತಿದ್ದ, ಅವನು ಮತ್ತೊಬ್ಬನಿಗೆ. ಕಕ್ಕಸುಗಳು ಗಬ್ಬು ನಾರುತ್ತಿದ್ದವು. ಅದು ತಮ್ಮ ಕೆಲಸವಲ್ಲ ಎಂದು ಸ್ವಯಂಸೇವಕರು ಹೇಳಿದರು. ಗಾಂಧಿ ಪೊರಕೆ ಕೇಳಿ ಪಡೆದರು. ಆಮೇಲೆ ಕಾರ್ಯದರ್ಶಿ ಘೋಷಾಲರ ಬಳಿ ಹೋಗಿ ಏನಾದರೂ ಕೆಲಸ ಕೊಡಿ ಎಂದು ಕೇಳಿ, ರಾಶಿ ಬಿದ್ದಿದ್ದ ಕಾಗದಗಳಿಗೆ ಉತ್ತರ ಬರೆಯುವ ಗುಮಾಸ್ತಿಕೆ ಮಾಡಿದರು. ಆಗ ಅವರಿಗೆ 32 ವರ್ಷ. ಏಳು ವರ್ಷ ಮೊದಲೇ ನಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದ್ದ ಬ್ಯಾರಿಸ್ಟರ್ ಅವರು. ನಾಯಕತ್ವದ ಅನುಭವ ಇದ್ದವರೇ ಹೊಸ ಜಾಗದಲ್ಲಿ ಗುಮಾಸ್ತರಾದರು. ನಾವು ಅನುಭವವೇ ಇಲ್ಲದವರನ್ನು ಬಾಗಿಲಲ್ಲೇ ನಾಯಕರನ್ನಾಗಿ ಮಾಡುತ್ತಿದ್ದೇವೆ.

ಅದೇ ಗಾಂಧಿ 1924ರಲ್ಲಿ ಬೆಳಗಾವಿ ಅಧಿವೇಶನದ ಅಧ್ಯಕ್ಷರಾದರು. ಅಲ್ಲಿನ ಸ್ವಯಂಸೇವಕರನ್ನು ಅಣಿಗೊಳಿಸಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಅವರ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗ ನೋಡಿಕೊಂಡವರು ಉಮಾಬಾಯಿ ಕುಂದಾಪುರ. ಗಂಡನನ್ನು ಕಳೆದುಕೊಂಡು ಮುಂಬೈಯಿಂದ ಹುಬ್ಬಳ್ಳಿಗೆ ಬಂದಿದ್ದ ಅವರು ಊರೂರು ಅಲೆದು 150ಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿದರು. ಅವರಲ್ಲಿ ಹೊಸಿಲು ದಾಟಬಾರದೆಂದು ಕೂಡಿಹಾಕಿದ್ದ ವಿಧವೆಯರೂ ಇದ್ದರು. ಮುಂದೆ ಜೈಲಿನಿಂದ ಬಿಡುಗಡೆಯಾಗಿ ಹೋಗಲು ಮನೆಯಿಲ್ಲದ ಹೆಂಗಸರಿಗೆ ಹುಬ್ಬಳ್ಳಿಯ ಅವರ ಪುಟ್ಟ ಮನೆಯೇ ಆಸರೆಯಾಯಿತು. ಉಮಾಬಾಯಿಯನ್ನು ನಾಯಕಿ ಎನ್ನಲು ನನಗೆ ಯಾವ ಅಡ್ಡಿಯೂ ಇಲ್ಲ. ಆದರೆ ಆ ಹೆಸರು ಬಂದದ್ದು ದುಡಿಮೆಯ ನಂತರ.

ಈಗ ನಮ್ಮ ಊರುಗಳ ಕಲಿಕಾ ಕೇಂದ್ರಗಳನ್ನು ನೋಡಿ. ಹತ್ತು ವರ್ಷದಿಂದ ಅದನ್ನು ನಡೆಸುತ್ತಿರುವ ಒಬ್ಬ ಅಕ್ಕ ಇರುತ್ತಾರೆ. ಯಾವ ಮಗುವಿನ ಅಪ್ಪ ಕುಡಿಯುತ್ತಾನೆ, ಯಾವ ಮಗು ಬೆಳಗ್ಗೆ ಉಂಡು ಬಂದಿಲ್ಲ ಎಂಬುದು ಅವರಿಗೆ ಗೊತ್ತು. ಅವರಿಗೆ ಸಿಗುವುದು ಗೌರವಧನ. ಶನಿವಾರ ನಾಯಕತ್ವದ ಪಾಠ ಮುಗಿಸಿ ಬಂದ ಹೊಸಬರು ವಾಟ್ಸಾಪ್ ಗುಂಪು ಮಾಡುತ್ತಾರೆ, ಯೋಜನೆಯ ಸ್ಲೈಡ್ ತೋರಿಸುತ್ತಾರೆ, ಅಕ್ಕನಿಗೇ ಸಲಹೆ ಕೊಡುತ್ತಾರೆ. ಅಕ್ಕ ಚಹಾ ತಂದುಕೊಡುತ್ತಾರೆ. ಆರು ವಾರಕ್ಕೆ ಪ್ರಮಾಣಪತ್ರ ಬಂತು, ಹೊಸಬರು ಹೋದರು. ‘ಆ ಮಿಸ್ಸು ಯಾಕೆ ಬರ್ತಿಲ್ಲ?’ ಎಂದು ಮಕ್ಕಳು ಕೇಳುವುದು ಅಕ್ಕನನ್ನೇ. ಆಗಷ್ಟೇ ಅಕ್ಷರ ಕೂಡಿಸಲು ಶುರುಮಾಡಿದ್ದ ಮಗು ಮತ್ತೊಬ್ಬ ಅಪರಿಚಿತರಿಗೆ ಒಗ್ಗಿಕೊಳ್ಳಬೇಕು. ಈ ನಷ್ಟ ಯಾವ ವಾರ್ಷಿಕ ವರದಿಯಲ್ಲೂ ಕಾಣುವುದಿಲ್ಲ.

ದೊಡ್ಡ ಅಳತೆಯಲ್ಲಿ ಇದೇ ಕಥೆ ಆಶಾ ಕಾರ್ಯಕರ್ತೆಯರದ್ದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಅವರು ಇಂದು 10 ಲಕ್ಷಕ್ಕೂ ಹೆಚ್ಚು. ಸರ್ಕಾರದ ಲೆಕ್ಕದಲ್ಲಿ ಅವರು ಗೌರವ ಸ್ವಯಂಸೇವಕಿಯರು. ಸಂಬಳವಿಲ್ಲ, ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಕೊಟ್ಟ ಪ್ರಶಸ್ತಿಯ ಹೆಸರು ‘ಗ್ಲೋಬಲ್ ಹೆಲ್ತ್ ಲೀಡರ್ಸ್’. ಜಿನೀವಾದಲ್ಲಿ ಲೀಡರುಗಳು, ಊರಿನಲ್ಲಿ ಸಂಬಳವಿಲ್ಲದವರು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ಕೇಳಿದ್ದು ತಿಂಗಳಿಗೆ ಇಂತಿಷ್ಟು ಎಂಬ ಗೌರವಧನದ ಖಾತ್ರಿ. ಮರುತಿಂಗಳು ತಿರುವನಂತಪುರದ ಸಚಿವಾಲಯದ ಎದುರು ಕೇರಳದ ಆಶಾಗಳು ಕೂತರು. ಆಳಾಗಿ ದುಡಿ, ಅರಸಾಗಿ ಉಣ್ಣು ಎನ್ನುತ್ತದೆ ಗಾದೆ. ಗಾದೆಯ ಮೊದಲರ್ಧ ಒಬ್ಬರ ಪಾಲಿಗೆ, ಎರಡನೇ ಅರ್ಧ ಇನ್ನೊಬ್ಬರ ಪಾಲಿಗೆ ಎಂದು ನಾವು ಹಂಚಿಬಿಟ್ಟಿದ್ದೇವೆ. ನಿತ್ಯ ದುಡಿಯುವವರನ್ನು ಸ್ವಯಂಸೇವಕಿ ಎಂದು ಕರೆದು ಸಂಬಳ ಉಳಿಸುತ್ತೇವೆ, ವಾರಕ್ಕೊಮ್ಮೆ ಬರುವವರನ್ನು ನಾಯಕ ಎಂದು ಕರೆದು ಬಯೋಡೇಟಾ ಬೆಳೆಸುತ್ತೇವೆ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ‘ಪ್ರವಾಹ, ಭೂಕಂಪದ ಹೊತ್ತಿನಲ್ಲಿ ಮುಂದೆ ನಿಲ್ಲುವವರು ಬೇಡವೇ?’ ಬೇಕು. 2018ರ ಕೇರಳದ ನೆರೆಯಲ್ಲಿ ಮುಂದೆ ನಿಂತವರು ಯಾರು? ದೋಣಿಗಳನ್ನು ಲಾರಿಗೇರಿಸಿಕೊಂಡು ಚೆಂಗನ್ನೂರಿನ ಕಡೆ ಹೊರಟ ಮೀನುಗಾರರು. ಅವರಿಗೆ ದೂರದೃಷ್ಟಿಯ ಅಧ್ಯಾಯ ಯಾರೂ ಕಲಿಸಿರಲಿಲ್ಲ. ನೀರು ಗೊತ್ತಿತ್ತು, ದೋಣಿ ಗೊತ್ತಿತ್ತು. ‘ಆಳಾಗಿ ಅಂದರೆ ಬಾಯಿಮುಚ್ಚಿಕೊಂಡು ಇರಿ ಎಂದಲ್ಲವೇ?’ ಇದು ನ್ಯಾಯವಾದ ಆಕ್ಷೇಪ, ಬಾಯಿ ಮುಚ್ಚಿಸುವ ಸಂಸ್ಥೆಗಳೂ ಉಂಟು. ಆದರೆ ಅಕ್ಕಿ ಅಳೆದವರೇ ಅಕ್ಕಿಯ ಲೆಕ್ಕ ಕೇಳಬಲ್ಲರು. ಸ್ಲೈಡ್ ಮಾಡಿದವರಿಗೆ ಮೂಟೆ ಎಷ್ಟು ಕಡಿಮೆ ಬಂತು ಎಂಬುದೇ ತಿಳಿಯುವುದಿಲ್ಲ. ‘ಪ್ರಮಾಣಪತ್ರ, ನಾಯಕತ್ವ ಎನ್ನದಿದ್ದರೆ ಯುವಕರು ಬರುವುದಿಲ್ಲ’ ಎಂಬುದು ಕೊನೆಯ ವಾದ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಘೋಷವಾಕ್ಯ ‘ನಾನಲ್ಲ, ನೀನು’. ನಮ್ಮಲ್ಲಿ ಅನೇಕರು ಅದರ ಶಿಬಿರಗಳಲ್ಲಿ ಗುದ್ದಲಿ ಹಿಡಿದವರೇ. ಪ್ರಮಾಣಪತ್ರಕ್ಕಾಗಿ ಹೋದವರೂ ಗುದ್ದಲಿ ಹಿಡಿಯಲೇಬೇಕಿತ್ತು. ಗುದ್ದಲಿ ಇಲ್ಲದೆ ಬರಿಯ ಪತ್ರ ಕೊಟ್ಟರೆ ಆರು ವಾರದವರೇ ಬರುತ್ತಾರೆ.

ಮೊದಲ ವರ್ಷದ ಪಾಠ ಹೀಗಿರಲಿ. ಹೇಳಿದ ಹೊತ್ತಿಗೆ ಬರುವುದು. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸುವುದು. ಅಲ್ಲಿ ದುಡಿಯುತ್ತಿರುವವರ ಕೈಕೆಳಗೆ ಕೆಲಸ ಕಲಿಯುವುದು. ಹತ್ತು ರೂಪಾಯಿ ಖರ್ಚಾದರೂ ಬರೆದಿಡುವುದು. ಬಿಟ್ಟುಹೋಗುವಾಗ ಮುಂದಿನವರಿಗೆ ಎಲ್ಲವನ್ನೂ ಒಪ್ಪಿಸಿ ಹೋಗುವುದು. ವರ್ಷ ತುಂಬಿದ ಮೇಲೆ ಆ ಹುಡುಗಿ ಮುಂದಾಳಾಗಬಲ್ಲಳೇ ಎಂಬುದನ್ನು ಕೈಪಿಡಿ ಹೇಳುವುದು ಬೇಡ, ಕೇಂದ್ರದ ಅಕ್ಕ ಹೇಳಲಿ.

ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೂ ಇದು ಅನ್ವಯಿಸುತ್ತದೆ. ಅಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು, ಸಹಸಂಚಾಲಕರು ಎಂದು ಕರಪತ್ರದ ತುಂಬ ಹೆಸರಿರುತ್ತವೆ; ಭಾನುವಾರದ ಕನ್ನಡ ತರಗತಿಗೆ ಚಾಪೆ ಹಾಸಲು ಇಬ್ಬರು ಸಿಗುವುದಿಲ್ಲ. ಮುಂದಿನ ಸಭೆಯಲ್ಲಿ ಹೊಸಬರಿಗೆ ಹುದ್ದೆ ಕೊಡುವ ಮೊದಲು ಸಭಾಂಗಣದ ಬೀಗದ ಕೈ ಕೊಟ್ಟು ನೋಡಿ. ಒಂದು ವರ್ಷ ಪ್ರತಿ ಭಾನುವಾರ ಬಾಗಿಲು ತೆರೆದಿದ್ದರೆ ಹುದ್ದೆಯ ಮಾತು ಆಮೇಲೆ ಆಡೋಣ.