ಜಿಂಕ್ ಸಲ್ಫೇಟ್: ಮಾರುವ ಮುನ್ನ ಪರೀಕ್ಷೆ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಭಾಗದ ಮೆಕ್ಕೆಜೋಳ, ಶೇಂಗಾ ಬೆಳೆಗಾರರಿಗೆ ಮಾರುವ ಹರಳು ಜಿಂಕ್ ಸಲ್ಫೇಟಿಗೆ ಅಗ್ಗದ ಮೆಗ್ನೀಷಿಯಂ ಸಲ್ಫೇಟ್ ಬೆರೆತರೆ ಕಣ್ಣಿಗೆ ತಿಳಿಯದು. 1985ರ ರಸಗೊಬ್ಬರ ನಿಯಂತ್ರಣ ಆದೇಶವು ಕಳಪೆ ಗೊಬ್ಬರದ ಮಾರಾಟವನ್ನೇ ನಿಷೇಧಿಸಿರುವಾಗ, ತಪ್ಪು ತಯಾರಕರದೆಂದು ವರ್ತಕರು ಕೈಕಟ್ಟಿ ಕೂರಲಾಗದು.

ಪರೀಕ್ಷೆ ಸರಳ. ಮಾದರಿಯನ್ನು ನೀರಿನಲ್ಲಿ ಕರಗಿಸಿ ಕಾಸ್ಟಿಕ್ ಸೋಡಾದ ತೆಳು ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ಗಂಜಿಯಂತಹ ಬಿಳಿ ಪ್ರಕ್ಷೇಪ ಕಾಣುತ್ತದೆ. ಗಟ್ಟಿ ದ್ರಾವಣವನ್ನು ಧಾರಾಳವಾಗಿ ಸೇರಿಸಿದಾಗ ಸತುವಿನ ಪ್ರಕ್ಷೇಪ ಕರಗಿ ತಿಳಿಯಾಗುತ್ತದೆ. ಮೆಗ್ನೀಷಿಯಮ್ಮಿನದು ಕರಗದೆ ಉಳಿಯುತ್ತದೆ. (ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುವುದರಿಂದ ಕೈಗವಸು ಅಗತ್ಯ.) ಸತು ಶೇಕಡಾ 21ರಷ್ಟಿದೆಯೇ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು. ಆದರೂ ಸಂಶಯದ ಚೀಲವನ್ನು ಮಾರಾಟಕ್ಕಿಡದೆ ತಡೆಹಿಡಿಯಲು ಇಷ್ಟು ಸಾಕು. ತಾಲ್ಲೂಕಿನ ವರ್ತಕರ ಸಂಘಗಳು ಮುಂಗಾರಿಗೆ ಮುನ್ನವೇ ಈ ಏರ್ಪಾಡನ್ನು ಮಾಡಿಕೊಳ್ಳುವುದು ಉಚಿತ.